ಅಜ್ಜಿ ಸುಮ್ಮನಿದ್ದಾರಾ? ಒಮ್ಮೆ ಕಿವಿಯ ಯಂತ್ರ ನೋಡಿ



ಕಳೆದ ಚಳಿಗಾಲದಲ್ಲಿ ನನ್ನ ಅತ್ತೆಯವರು ಊರಿನಿಂದ ಇಲ್ಲಿಗೆ ಬಂದಿದ್ದರು. ಮೊಮ್ಮಗ ಏನು ಹೇಳಿದರೂ ಬರೀ ನಕ್ಕು ತಲೆಯಾಡಿಸುತ್ತಿದ್ದರು. "ಅಮ್ಮಾ, ನನ್ನ ಕನ್ನಡ ಅಜ್ಜಿಗೆ ಅರ್ಥಾನೇ ಆಗಲ್ಲ," ಎಂದು ಅವನು ಮಾತನ್ನೇ ನಿಲ್ಲಿಸಿಬಿಟ್ಟ. ನಾಲ್ಕು ದಿನ ಕಳೆದ ಮೇಲೆ ಗೊತ್ತಾಯಿತು, ಅತ್ತೆಯವರ ಹಿಯರಿಂಗ್ ಏಡ್‌ನ ನಳಿಕೆಯಲ್ಲಿ ಒಂದು ಹನಿ ನೀರು ಕಟ್ಟಿಕೊಂಡಿತ್ತು!

ಈ ಯಂತ್ರ ಕೆಟ್ಟಿದೆ ಎಂದು ತಿಳಿಯುವುದು ಯಾಕೆ ಇಷ್ಟು ಕಷ್ಟ? ಅದರ ಇತಿಹಾಸ ನೋಡಿದರೆ ಅರ್ಥವಾಗುತ್ತದೆ.

ಹಿಂದೆ ಇದ್ದದ್ದು ಕಿವಿತುತ್ತೂರಿ. 1810ರ ದಶಕದಲ್ಲಿ ಮೆಲ್ಜೆಲ್ ಎಂಬ ಕುಶಲಕರ್ಮಿ ಸಂಗೀತಗಾರ ಬೀಥೋವನ್ ಅವರಿಗೆ ಮಾಡಿಕೊಟ್ಟ ತುತ್ತೂರಿಗಳನ್ನು ಜರ್ಮನಿಯ ಬಾನ್ ನಗರದಲ್ಲಿ, ಅವರು ಹುಟ್ಟಿದ ಮನೆಯಲ್ಲಿ, ಇಂದಿಗೂ ನೋಡಬಹುದು. ಅದು ತೂತಾದರೆ, ನೆಗ್ಗಿದರೆ ಕಣ್ಣಿಗೇ ಕಾಣುತ್ತಿತ್ತು.

20ನೇ ಶತಮಾನದ ಹೊಸ್ತಿಲಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ವಿದ್ಯುತ್ತಿನ ಯಂತ್ರ ತಂದರು. ಅದರ ಮೈಕಿನಲ್ಲಿ ಇದ್ದದ್ದು ಇಂಗಾಲ. ಇಂಗಾಲದ ಮೈಕುಗಳಲ್ಲಿ ಹರಳುಗಳು ಒತ್ತಾಗಿ ಅಂಟಿಕೊಂಡರೆ ದನಿ ಮಂಕಾಗುತ್ತಿತ್ತು; ತಟ್ಟಿ ಸಡಿಲಿಸಬೇಕಿತ್ತು.

ನಾವಿರುವ ಬ್ರಿಟನ್‌ನಲ್ಲಿ 1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾದಾಗ "ಮೆಡ್ರೆಸ್ಕೊ" ಎಂಬ ಯಂತ್ರವನ್ನು ಉಚಿತವಾಗಿ ಕೊಡತೊಡಗಿದರು. ಮೈಮೇಲೆ ಧರಿಸುವ ಡಬ್ಬಿ, ಅದಕ್ಕೆ ಬ್ಯಾಟರಿ, ಕಿವಿಗೆ ಒಂದು ವೈರು. ವೈರು ಒಳಗೊಳಗೇ ತುಂಡಾದರೆ ದನಿ ಬಂದು ಬಂದು ಹೋಗುತ್ತದೆ. 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ಯಂತ್ರ ಕುಗ್ಗಿತು. 1990ರ ದಶಕದಲ್ಲಿ ಡಿಜಿಟಲ್ ಆಯಿತು. ಯಂತ್ರ ಚಿಕ್ಕದಾದ ಹಾಗೆಲ್ಲ ಅದರ ದೋಷವೂ ನಮ್ಮ ಕಣ್ಣಿಗೆ ಮರೆಯಾಯಿತು. ಹಾಗಾಗಿ ಈಗ ನೀವು ಮನುಷ್ಯರನ್ನೇ ಗಮನಿಸಬೇಕು.

ಟೀವಿಯ ದನಿ ದಿನದಿನಕ್ಕೆ ಏರುತ್ತಿದೆಯೇ? ಅಜ್ಜ ಫೋನನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತಾರೆಯೇ? ದನಿ ಕರಕರ ಎನ್ನುತ್ತದೆ, ಬಿಟ್ಟು ಬಿಟ್ಟು ಕೇಳುತ್ತದೆ ಎನ್ನುತ್ತಾರೆಯೇ? ಮೊದಲು ಹೊಸ ಬ್ಯಾಟರಿ ಹಾಕಿ, ಅಥವಾ ಚಾರ್ಜ್ ಮಾಡಿ. ಆಮೇಲೆ ತುದಿಯಲ್ಲಿ ಗುಗ್ಗೆ, ನಳಿಕೆಯಲ್ಲಿ ನೀರು ಅಥವಾ ಬಿರುಕು ಇದೆಯೇ ನೋಡಿ. ಯಂತ್ರವನ್ನು ಆನ್ ಮಾಡಿ ಮುಷ್ಟಿಯಲ್ಲಿ ಹಿಡಿದರೆ ಸಾಮಾನ್ಯವಾಗಿ ಸಿಳ್ಳೆ ಕೇಳಬೇಕು. ಕಿವಿಯಲ್ಲಿದ್ದಾಗಲೂ ಸಿಳ್ಳೆ ಹೊಡೆದರೆ ಅದು ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿರಬಹುದು. ಇಷ್ಟು ನೋಡಿಯೂ ಸರಿಹೋಗದಿದ್ದರೆ ರಿಪೇರಿಗೆ ಕೊಡಬೇಕು, ನೀವೇ ಬಿಚ್ಚಬೇಡಿ. ಯಂತ್ರ ಸರಿಯಿದ್ದೂ ಕೇಳುವುದು ಇದ್ದಕ್ಕಿದ್ದಂತೆ ಕಡಿಮೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅಜ್ಜಿ ತಾತ ಮೈಸೂರಿನ ಕಡೆ ಇದ್ದರೆ, 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲೇ ಇದೆ.

ನಳಿಕೆ ಬಿಡಿಸಿ ಒಣಗಿಸಿದ ಸಂಜೆ ನನ್ನ ಮಗ "ಅಜ್ಜಿ, ಅಪ್ಪ ಬಂದ," ಎಂದ. "ಬಂದರು ಅನ್ನಬೇಕು ಮರೀ," ಎಂದರು ಅತ್ತೆ. ತಪ್ಪು ತಿದ್ದಿಸಿಕೊಂಡು ಅವನು ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿರಲಿಲ್ಲ.