ಮಾದರಿ ಗಾಡಿಯಿಂದ ಮನೆಯ ಗಾಡಿಯವರೆಗೆ

ಸಾತಪುರದ ಕಾರ್ಖಾನೆಗಳನ್ನು ನಂಬಿ ನಾಸಿಕದಲ್ಲಿ ನೆಲೆಯೂರಿದ ಕನ್ನಡ ಕುಟುಂಬಗಳಿಗೆ ಮೋಟಾರು ಗಾಡಿಯೆಂಬುದು ಬರಿಯ ವಾಹನವಲ್ಲ, ಅನ್ನವಿತ್ತ ಉದ್ಯಮ. ಆದರೆ ಅದರ ಚರಿತ್ರೆಯನ್ನು ಹೇಳುವಾಗ ನಾವು ಮೊದಲ ಮಾದರಿಯನ್ನು ರಚಿಸಿದವರನ್ನಷ್ಟೇ ನೆನೆಯುತ್ತೇವೆ. ಅದು ಅರ್ಧ ಚರಿತ್ರೆ. ಉಳಿದರ್ಧವನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನಮ್ಮ ಮಕ್ಕಳಿಗೆ ತಿಳಿಸುವುದು ಉಚಿತವೆಂದು ಭಾವಿಸುತ್ತೇವೆ.

ಮಾದರಿ ಗಾಡಿಯ ಬಾಗಿಲು ಸರಿಯಾಗಿ ಕೂಡದಿದ್ದರೆ ಕುಶಲನಾದ ಕೆಲಸಗಾರನು ಅರದಿಂದ ಉಜ್ಜಿ, ಸುತ್ತಿಗೆಯಿಂದ ತಟ್ಟಿ ಕೂಡಿಸಬಲ್ಲನು. ಸಾವಿರಾರು ಗಾಡಿಗಳನ್ನು ಮಾಡಬೇಕಾದಾಗ ಈ ಉಪಾಯ ನಡೆಯದು. ಯಾವ ಬಾಗಿಲನ್ನೆತ್ತಿದರೂ ಯಾವ ಗಾಡಿಗಾದರೂ ಹೊಂದಬೇಕು. ಅದಕ್ಕೆ ತಗಡನ್ನು ಒತ್ತುವ ಅಚ್ಚುಗಳು, ಬೆಸುಗೆಯ ವೇಳೆ ಭಾಗಗಳನ್ನು ಬಿಗಿಹಿಡಿಯುವ ಚೌಕಟ್ಟುಗಳು, ಅಳತೆಯ ಗೇಜುಗಳು, ಹೊತ್ತಿಗೆ ಸರಿಯಾಗಿ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳು, ಇವೆಲ್ಲ ಬೇಕು. ಅಮೆರಿಕದ ಹೆನ್ರಿ ಫೋರ್ಡ್ 1908ರಲ್ಲಿ ತನ್ನ ‘ಟಿ’ ಮಾದರಿಯನ್ನು ಹೊರತಂದನು. 1913ರಲ್ಲಿ ಚಲಿಸುವ ಜೋಡಣೆಯ ಸಾಲನ್ನು ಹೂಡಿದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಗಾಡಿ ಅದೇ, ಬದಲಾದುದು ಮಾಡುವ ಕ್ರಮ.

ಈ ಮರ್ಮವನ್ನು ಅರಿತಿದ್ದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದ ಅವರು ಮೊದಲು ಕೆಲಸ ಮಾಡಿದುದು ಇದೇ ನಾಸಿಕದಲ್ಲಿ. 1930ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಕಾರ್ಖಾನೆಗಳನ್ನು ನೋಡಿಬಂದು ಅವರು ಸಿದ್ಧಪಡಿಸಿದುದು ಒಂದು ಗಾಡಿಯ ನಕ್ಷೆಯನ್ನಲ್ಲ, ಇಡೀ ಮೋಟಾರು ಕಾರ್ಖಾನೆಯ ಯೋಜನೆಯನ್ನು. ಆ ವಿಚಾರವನ್ನು ವಾಲಚಂದ ಹೀರಾಚಂದರು ಕೈಗೆತ್ತಿಕೊಂಡು, 1944ರಲ್ಲಿ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದರು.

ಇದಕ್ಕೆ ಬೇರೆಯಾದ ಕಥೆ ಗಡಿಯಾಚೆಯ ಇಚಲಕರಂಜಿಯದು. ಅಲ್ಲಿನ ಶಂಕರರಾವ್ ಕುಲಕರ್ಣಿಯವರು ‘ಮೀರಾ’ ಎಂಬ ಚಿಕ್ಕ ಕಾರನ್ನು ಸ್ವಂತ ಬುದ್ಧಿಯಿಂದ ರಚಿಸಿ, ಮಾದರಿಯಿಂದ ಮಾದರಿಗೆ ತಿದ್ದುತ್ತ 1970ರ ದಶಕದವರೆಗೆ ಶ್ರಮಿಸಿದರು. ಗಾಡಿ ಓಡಿತು, ಕಾರ್ಖಾನೆ ಏಳಲಿಲ್ಲ. ಜಾಣ್ಮೆಗೆ ಕೊರತೆಯಿರಲಿಲ್ಲ, ಅದರ ಬೆನ್ನಿಗೆ ನಿಲ್ಲುವ ಏರ್ಪಾಡು ದೊರೆಯಲಿಲ್ಲ.

ಸಾತಪುರದ ಮಹೀಂದ್ರ ಕಾರ್ಖಾನೆಯು ಚರಿತ್ರೆಯ ಈ ಎರಡನೆಯ ಅರ್ಧವನ್ನು ನಮ್ಮ ಕಣ್ಣೆದುರಿಗೆ ನಡೆಸಿ ತೋರಿಸಿತು. ‘ಲೋಗನ್’ ಎಂಬ ಕುಟುಂಬದ ಸಲೂನು ಕಾರನ್ನು ಫ್ರಾನ್ಸಿನ ರೆನೋ ಕಂಪನಿ ರೂಪಿಸಿ, 2004ರಲ್ಲಿ ರುಮೇನಿಯಾದಲ್ಲಿ ಹೊರತಂದಿತ್ತು. ಬೆಲೆ ಇಳಿಸಲೆಂದು ಎಡಬಲದ ಕನ್ನಡಿಗಳನ್ನು ಸಹ ಒಂದೇ ಆಕಾರದಲ್ಲಿ ಮಾಡಿದ್ದರು. 2007ರಲ್ಲಿ ಅದು ಸಾತಪುರದಿಂದ ಹೊರಬಂದಾಗ ಸ್ಟಿಯರಿಂಗ್ ಬಲಕ್ಕೆ ಸರಿದಿತ್ತು. ಅಷ್ಟರಿಂದಲೇ ಡ್ಯಾಶ್‌ಬೋರ್ಡು, ಪೆಡಲುಗಳು, ಒಳಗಿನ ತಂತಿಗಳ ಹಾದಿ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. 2010ರಲ್ಲಿ ರೆನೋ ಈ ಪಾಲುದಾರಿಕೆಯಿಂದ ಹೊರಬಿದ್ದಿತು. ಮರುವರ್ಷ ಗಾಡಿಗೆ ‘ವೆರಿಟೋ’ ಎಂಬ ಹೆಸರಾಯಿತು. 2016ರಲ್ಲಿ ಅದರ ವಿದ್ಯುತ್ ರೂಪ ಬಂದಿತು. ಅದರ ಹಿಂದಿದ್ದುದು ಬೆಂಗಳೂರಿನ ಅನುಭವ: 2001ರಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರಾಟಕ್ಕೆ ತಂದ ಸಂಸ್ಥೆಯನ್ನು ಮಹೀಂದ್ರ 2010ರಲ್ಲಿ ತನ್ನದಾಗಿಸಿಕೊಂಡಿತ್ತು. ಹೀಗೆ ಕನ್ನಡನಾಡಿನ ಪ್ರಯೋಗವೊಂದು ಗೋದಾವರೀ ತೀರದ ಗಾಡಿಯನ್ನು ಬಂದು ಕೂಡಿತು.

ವೆರಿಟೋ ಈಗ ತಯಾರಾಗುವುದಿಲ್ಲ. ಗಾಡಿಗಳು ಬರುತ್ತವೆ, ಹೋಗುತ್ತವೆ. ಉಳಿಯುವುದು ಕೈಗಳ ಅಭ್ಯಾಸ: ಬೆಸುಗೆಯ ಮುಂದೆ ನಿಂತವನ ಕಣ್ಣಳತೆ, ಸಣ್ಣ ದೋಷವನ್ನೂ ಮುಂದಕ್ಕೆ ಬಿಡದ ಪರೀಕ್ಷಕಿಯ ಹಟ. ಇವರ ಹೆಸರು ಯಾವ ಗಾಡಿಯ ಮೇಲೂ ಇರುವುದಿಲ್ಲ. ಆದುದರಿಂದ ಗಾಡಿಯನ್ನು ಮಾಡಿದವರು ಯಾರೆಂದು ನಮ್ಮ ಮಕ್ಕಳು ಕೇಳಿದರೆ, ಮೊದಲನೆಯದನ್ನು ಮಾಡಿದವರ ಹೆಸರನ್ನು ಗೌರವದಿಂದ ಹೇಳೋಣ. ಸಾವಿರದನೆಯದನ್ನೂ ಮೊದಲನೆಯದರಂತೆಯೇ ಮಾಡಿದವರು ನಮ್ಮ ಓಣಿಯಲ್ಲಿಯೇ ಇದ್ದಾರೆಂಬುದನ್ನೂ ಅಷ್ಟೇ ಅಭಿಮಾನದಿಂದ ಹೇಳೋಣ.