ಗವಾನನ ಊರಲ್ಲೊಂದು ವೀಕೆಂಡ್

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ರೈಲು ಹತ್ತಿದ್ರೆ ಶನಿವಾರ ಬೀದರಲ್ಲಿ ಇಳಿಬಹುದು. ಲಿಸ್ಟ್ ಹಿಡ್ಕೊಂಡು ಓಡಬೇಡಿ. ಮೊದಲ ದಿನಕ್ಕೆ ಮಹಮೂದ್ ಗವಾನನ ಮದರಸಾ ಒಂದೇ ಸಾಕು.

ಗವಾನ್ ಇರಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು. 1472ರಲ್ಲಿ ಮೂರಂತಸ್ತಿನ ಈ ವಿದ್ಯಾಲಯ ಕಟ್ಟಿಸಿದ. ಉಳಿದಿರೋ ಒಂದೇ ಮಿನಾರಿನ ಮೇಲೆ ಬಣ್ಣದ ಟೈಲ್ಸ್ ಇನ್ನೂ ಕಾಣುತ್ತೆ.

ದೊಡ್ಡ ಪ್ರಾಂತ್ಯಗಳನ್ನು ಒಡೆದು ಸರದಾರರ ಕೈ ಕಟ್ಟಿದ್ದೇ ಅವನಿಗೆ ಮುಳುವಾಯ್ತು. ಅವನ ಮುದ್ರೆಯಿದ್ದ ಖಾಲಿ ಹಾಳೆಯಲ್ಲಿ, ಅವನೇ ಶತ್ರುವಿಗೆ ಬರೆದ ಹಾಗೆ ಪತ್ರ ಸೃಷ್ಟಿಸಿದರು. ಸುಲ್ತಾನ ಮುದ್ರೆ ನೋಡಿದ, ಬರೆದವರು ಯಾರು ಅಂತ ವಿಚಾರಿಸಲಿಲ್ಲ. 1481ರಲ್ಲಿ ಗವಾನನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ಸತ್ತ. ಆಮೇಲೆ ರಾಜ್ಯ ಐದು ಹೋಳಾಯ್ತು.

ಭಾನುವಾರ ಊರಾಚೆ ಇರೋ ಅವನ ಸಾದಾ ಗೋರಿಗೆ ಹೋಗಿ. ಮುದ್ರೆ ಅಸಲಿ, ಪತ್ರ ನಕಲಿ. ದಿನಾ ಸ್ಕ್ರೀನ್‌ಶಾಟ್ ನಂಬೋ ನಾವು ಅಲ್ಲಿ ಸ್ವಲ್ಪ ಹೊತ್ತು ಕೂರಬೇಕು.