ಘಟಪ್ರಭೆಯ ಹೊಳೆಸಾಲು: ಬರದ ಚಿಂತೆಯಿಂದ ನೆರೆಯ ಚಿಂತನೆಯವರೆಗೆ

ವಾಯುಗುಣದ ವ್ಯತ್ಯಯದಿಂದ ತೀರಪ್ರದೇಶಗಳಿಗೆ ಒದಗುವ ವಿಪತ್ತೆಂದೊಡನೆ ನಮ್ಮ ಚಿತ್ತವು ಕಾರವಾರ, ಉಳ್ಳಾಲಗಳ ಕಡಲಂಚಿನತ್ತ ಹರಿಯುವುದು ಸಹಜವೇ ಆದರೂ, ಸಹ್ಯಾದ್ರಿಯ ಈಚೆಗೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಹೊಳೆಸಾಲಿನಲ್ಲಿ ಬಾಳುವ ಜನರೂ ಅಂಥದೇ ಭೀತಿಗೆ ಪಾತ್ರರಾಗಿರುವರು. ಈ ಭೀತಿಯನ್ನು ಕುರಿತ ನಮ್ಮ ಯೋಜನಾಚಿಂತನೆಯು ಒಂದೂವರೆ ಶತಮಾನದಲ್ಲಿ ಹೇಗೆ ರೂಪಾಂತರ ಹೊಂದಿತೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಸೀಮೆಯ ಸಮಸ್ಯೆಯ ಮೂಲ ಅದರ ಭೂರಚನೆಯಲ್ಲಿದೆ. ಘಟಪ್ರಭೆಯನ್ನು ಕೂಡುವ ಹಿರಣ್ಯಕೇಶಿಯ ಉಗಮಸ್ಥಾನವಾದ ಅಂಬೋಲಿಯಲ್ಲಿ ವರ್ಷಕ್ಕೆ 6000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿದರೆ, ಗೋಕಾಕದ ಬಯಲಿಗೆ ಬೀಳುವುದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು ಮಾತ್ರ. ಆದಕಾರಣ ತಮ್ಮ ಹೊಲದ ಮೇಲೆ ಮೋಡವೇ ಕಟ್ಟದ ದಿನವೂ ಇಲ್ಲಿಯ ರೈತರು ಮಹಾಪೂರಕ್ಕೆ ಸಿಲುಕಬಹುದು. ಹೊಳೆ ತುಂಬಿ ಹರಿದ ವರ್ಷವೇ ಬರವನ್ನೂ ಕಾಣಬಹುದು.

ಆರಂಭದ ಆಡಳಿತಗಾರರ ಕಣ್ಣಿಗೆ ಬಿದ್ದುದು ಬರವೊಂದೇ. 1876-78ರ ಘೋರ ಕ್ಷಾಮವು ದಖ್ಖನಿನ ಜನಜೀವನವನ್ನು ಧ್ವಂಸಗೊಳಿಸಿದ ಮೇಲೆ, 1880ರ ಕ್ಷಾಮ ಆಯೋಗವು ನೀರಾವರಿಯನ್ನು ಕ್ಷಾಮರಕ್ಷಣೆಯ ಸಾಧನವೆಂದು ಎತ್ತಿಹಿಡಿಯಿತು. ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ಅಲ್ಲಿಂದ ಕಾಲುವೆಯನ್ನು ಹರಿಯಿಸಿದ್ದು ಆ ಕಾಲದ ಆ ದೃಷ್ಟಿಯ ಫಲವೇ. ಅಂದಿನ ಯೋಜಕರಿಗೆ ಹೊಳೆಯು ಸದುಪಯೋಗವಾಗದೆ ಹರಿದುಹೋಗುವ ಸಂಪತ್ತೇ ಹೊರತು, ದಂಡೆಯನ್ನು ನುಂಗಬಲ್ಲ ಶಕ್ತಿಯಾಗಿರಲಿಲ್ಲ.

ಸ್ವಾತಂತ್ರ್ಯಾನಂತರದ ಯುಗವು ಈ ದೃಷ್ಟಿಯನ್ನೇ ವಿಸ್ತರಿಸಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ಅಡಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವು 1970ರ ದಶಕದಲ್ಲಿ ಸಿದ್ಧವಾಗಿ, ಜೋಳ ಬೆಳೆಯುತ್ತಿದ್ದ ಎರೆಭೂಮಿಗೆ ಕಬ್ಬು ಬಂತು. ಅತಿನೀರಾವರಿಯಿಂದ ಸವಳು-ಜವಳೂ ಬಂತು. ಕಾಲುವೆಗಾಗಿ ಜಲಾಶಯ ಮಳೆಗಾಲದ ಅಂತ್ಯಕ್ಕೆ ತುಂಬಿರಬೇಕು. ನೆರೆಯನ್ನು ತಡೆಯಲು ಅದರಲ್ಲಿ ಜಾಗ ಉಳಿದಿರಬೇಕು. ಈ ಎರಡು ಪರಸ್ಪರವಿರುದ್ಧ ಧರ್ಮಗಳನ್ನು ಒಂದೇ ಅಣೆಕಟ್ಟೆ ನಿರ್ವಹಿಸಬೇಕಾಗಿರುವುದಷ್ಟೇ ಅಲ್ಲದೆ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಅದರ ಕೆಳಗೆ ಬಂದು ಕೂಡುವುದರಿಂದ ಅವುಗಳ ಪೂರವನ್ನು ಹಿಡಕಲ್ ಹಿಡಿಯಲಾರದು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಚಿಂತನೆಯ ದಿಕ್ಕು ಮೆಲ್ಲನೆ ಬದಲಾಯಿತು. 1988ರಲ್ಲಿ ಬರದ ನಿಗಾವಣೆಗೆಂದು ಹುಟ್ಟಿದ ಕರ್ನಾಟಕದ ಘಟಕವು 2007ರಲ್ಲಿ ಎಲ್ಲ ನೈಸರ್ಗಿಕ ವಿಕೋಪಗಳ ಉಸ್ತುವಾರಿ ಕೇಂದ್ರವಾಯಿತು. ಅದಕ್ಕೆ ಮುಂಚೆ, 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಜಿಲ್ಲೆಗೊಂದು ಪ್ರಾಧಿಕಾರವನ್ನೂ ಯೋಜನೆಯನ್ನೂ ವಿಧಿಸಿತು. ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರವರೆಗೆ ಮೂರು ಪಟ್ಟಾಗಿವೆಯೆಂದು 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದ ಬಳಿಕ, ನೆರೆಯನ್ನು ಕೇವಲ ದೈವಯೋಗವೆಂದು ಬಗೆಯುವುದು ಕಷ್ಟವಾಯಿತು.

2019 ಈ ಸೀಮೆಗೆ ಬರ, ನೆರೆ ಎಂಬ ಎರಡು ಮುಖಗಳನ್ನೂ ಒಮ್ಮೆಗೇ ತೋರಿತು. ಬೇಸಗೆಯಲ್ಲಿ ಬೆಳಗಾವಿ ಜಿಲ್ಲೆಯ ಕೃಷ್ಣೆಯ ಪಾತ್ರ ಬತ್ತಿ ಮಹಾರಾಷ್ಟ್ರದಿಂದ ನೀರು ಬೇಡಬೇಕಾದರೆ, ಆಗಸ್ಟಿನಲ್ಲಿ ಘಟಪ್ರಭೆಯ ಲೋಳಸೂರ ಸೇತುವೆ ಮುಳುಗಿ, ಗೋಕಾಕ ಪಟ್ಟಣದ ಕುಂಬಾರ ಗಲ್ಲಿ, ಹಳೇ ದನದ ಪೇಟೆಯಂಥ ತಗ್ಗಿನ ಓಣಿಗಳಿಗೆ ಹೊಳೆ ನುಗ್ಗಿತು. ಮನೆ ಬಿಟ್ಟವರು ದನಕರುಗಳೊಡನೆ ಎತ್ತರದ ನೆಲೆಯನ್ನರಸಿದರು; ಆದರೆ ಎತ್ತರವೂ ಅಭಯವನ್ನೀಯಲಿಲ್ಲ. ಅಕ್ಟೋಬರಿನ ಮಳೆಗೆ ಪಟ್ಟಣದ ಮೇಲಿನ ಮಲ್ಲಿಕಾರ್ಜುನ ಗುಡ್ಡದ ಬೃಹದ್ಬಂಡೆಗಳು ಸಡಿಲಗೊಂಡು, ಅವುಗಳನ್ನು ಒಡೆಯಿಸಬೇಕಾಯಿತು. ಕೆಳಗಡೆ ಮೂಡಲಗಿಯ ಸುಣಧೋಳಿ, ಅವರಾದಿಗಳ ಸಂಪರ್ಕಸೇತುವೆಗಳು 2021ರಲ್ಲಿಯೂ 2024ರಲ್ಲಿಯೂ ಮತ್ತೆ ನೀರಿನಡಿ ಸೇರಿದವು.

ಮೇಲಿಂದ ಮೇಲೆ ಬಂದ ಈ ನೆರೆಗಳ ಅನುಭವದಿಂದ ಮುನ್ಸೂಚನೆ, ಸ್ಥಳಾಂತರ, ಕಾಳಜಿ ಕೇಂದ್ರಗಳ ವಿಧಾನ ಇಂದು ಸಾಕಷ್ಟು ಪಳಗಿದೆ. ಪಳಗದೆ ಉಳಿದುದು ಭೂಬಳಕೆಯ ನಿಯಮ. ಕಡಲತೀರಕ್ಕೆ 1991ರ ಅಧಿಸೂಚನೆಯು ನಿರ್ಬಂಧದ ರೇಖೆಯೊಂದನ್ನು ಎಳೆಯಿತು. ಆದರೆ ಹೊಳೆಯ ನೆರೆಬಯಲಿನಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬುದನ್ನು ಗೊತ್ತುಪಡಿಸುವ ಮಾದರಿ ಮಸೂದೆಯನ್ನು ಕೇಂದ್ರವು 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿದ್ದರೂ, ಅದನ್ನು ಶಾಸನವಾಗಿಸಿದ ರಾಜ್ಯಗಳು ಕೆಲವೇ. ಪರಿಣಾಮವಾಗಿ ಪ್ರತಿ ನೆರೆಯ ನಂತರವೂ ಪರಿಹಾರಧನ ಪಡೆದ ಕುಟುಂಬವು ಜೀವನೋಪಾಯದ ಅನಿವಾರ್ಯದಿಂದ ಅದೇ ದಂಡೆಗೆ ಮರಳುವುದು. ಕುಂಬಾರನ ಮಣ್ಣೂ ರೈತನ ಕಬ್ಬೂ ಅಲ್ಲಿಯೇ ಇರುವಾಗ ಬರಿಯ ಆಜ್ಞೆಯಿಂದ ಅವರನ್ನು ಕೀಳಲಾಗದು.

ಹಿಡಕಲ್ಲಿನ ಬಾಗಿಲು ಹುಕ್ಕೇರಿಯಲ್ಲಿ ತೆರೆದರೆ ಅದರ ಫಲವನ್ನು ಗೋಕಾಕ, ಮೂಡಲಗಿಗಳು ಉಣ್ಣುವುದರಿಂದ, ತಾಲ್ಲೂಕಿನ ಗಡಿಗಳನ್ನು ಬಿಟ್ಟು ಕಣಿವೆಯೊಂದನ್ನೇ ಯೋಜನೆಯ ಘಟಕವೆಂದು ಹಿಡಿಯದೆ ಗತ್ಯಂತರವಿಲ್ಲ. ಆ ಯೋಜನೆಯಲ್ಲಿ ಜಲಾಶಯದ ನಿರ್ವಹಣೆ, ನೆರೆಬಯಲಿನ ರೇಖೆ, ದಂಡೆಯವರಿಗೆ ದುಡಿಮೆಗೆ ಸಮೀಪವಾದ ಹೊಸ ನಿವೇಶನ—ಈ ಮೂರೂ ಒಟ್ಟಿಗೆ ಸೇರಬೇಕು. ಒಂದೂವರೆ ಶತಮಾನ ನಾವು ನೀರನ್ನು ಎಲ್ಲಿ ನಿಲ್ಲಿಸಬೇಕೆಂದು ವಿಚಾರಿಸಿದೆವು; ಇನ್ನು ಮನೆಗಳನ್ನು ಎಲ್ಲಿ ಕಟ್ಟಬೇಕೆಂಬುದನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸತಕ್ಕದ್ದು.